ಎರಡು ಪೆಂಡಾಲು

ನಾನು ದುಮ್ಮವಾಡದವನು. ಧಾರವಾಡ ಜಿಲ್ಲೆ, ಕಲಘಟಗಿ ತಾಲೂಕು. ಮಾದರ ಓಣಿಯಲ್ಲಿ ಹುಟ್ಟಿದೆ. ಅಪ್ಪ ಹಬ್ಬ, ಹೆಣ ಇದ್ದ ದಿನ ಹಲಗಿ ಬಾರಿಸುತ್ತಿದ್ದ, ಉಳಿದ ದಿನ ಕೂಲಿಗೆ ಹೋಗುತ್ತಿದ್ದ. ನಮಗೆ ಹೊಲ ಇರಲಿಲ್ಲ. ಧಾರವಾಡದಲ್ಲಿ ಬಿ.ಎ. ಓದುವಾಗ ನಾನು ದಲಿತ ಸಂಘಟನೆಗೆ ಸೇರಿದೆ. 2001ರ ಮಳೆಗಾಲದಲ್ಲಿ ನಮ್ಮ ಅಕ್ಕನ ಮನೆಯ ಮೇಲೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ನಮ್ಮ ತಾಲೂಕಿನದೇ ಒಂದು ಹಳ್ಳಿ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿಗೆ ಬಂದ ಸಂಘಟನೆಗಳ ಹೆಸರನ್ನೂ ಬರೆಯುವುದಿಲ್ಲ. ಅಕ್ಕ ಇನ್ನೂ ಅದೇ ಊರಲ್ಲಿ ಬಾಳುವೆ ಮಾಡುತ್ತಿದ್ದಾಳೆ.

ನಾನು ಸೇರುವ ಹೊತ್ತಿಗೆ ದಲಿತ ಸಂಘರ್ಷ ಸಮಿತಿ ಒಂದಾಗಿ ಉಳಿದಿರಲಿಲ್ಲ. ಒಂದಾಗಿದ್ದ ಕಾಲವನ್ನು ಹಿರಿಯರ ಬಾಯಲ್ಲಿ ಕೇಳಿದ್ದೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದು ಮಾತಾಡಿ ಕುರ್ಚಿ ಬಿಡಬೇಕಾದದ್ದು, ಮರುವರ್ಷ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಸಮಿತಿ ಹುಟ್ಟಿದ್ದು, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ವಿರೋಧಿಸಲು ಹೋಗಿ ಏಟು ತಿಂದದ್ದು. 1987ರಲ್ಲಿ ನೆರೆಯ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದ್ದರು. ಆಗ ಯಾರೂ ನೀವು ಯಾವ ಬಣ ಎಂದು ಕೇಳಲಿಲ್ಲ ಅಂತ ಹಿರಿಯರೊಬ್ಬರು ಪ್ರತಿ ಶಿಬಿರದಲ್ಲೂ ಹೇಳುತ್ತಿದ್ದರು. ಪ್ರತಿ ಸಲ ಅದನ್ನೇ ಯಾಕೆ ಹೇಳುತ್ತಾರೆ ಎಂದು ನಮಗೆ ಬೇಸರ ಬರುತ್ತಿತ್ತು.

ಒಡಕಿಗೆ ಕಾರಣಗಳಿದ್ದವು. ಎಲ್ಲವೂ ಸಣ್ಣ ಕಾರಣಗಳಲ್ಲ. ಚುನಾವಣೆಯಲ್ಲಿ ಒಂದು ಪಕ್ಷವನ್ನು ಬೆಂಬಲಿಸಬೇಕೋ, ಎಲ್ಲ ಪಕ್ಷಗಳಿಂದ ದೂರ ಇರಬೇಕೋ ಎಂಬುದು ಒಂದು. ಮೀಸಲಾತಿಯಲ್ಲಿ ಮಾದಿಗರಿಗೆ ಸಿಕ್ಕಿದ್ದೆಷ್ಟು ಎಂಬುದು ಇನ್ನೊಂದು. ಈ ಎರಡನೆಯದು ನಮ್ಮ ಮನೆಯ ಪ್ರಶ್ನೆ. ನಮ್ಮ ಓಣಿಯಲ್ಲಿ ಸರಕಾರಿ ನೌಕರಿ ಹಿಡಿದವರು ಆಗ ಯಾರೂ ಇರಲಿಲ್ಲ. ಕೃಷ್ಣಪ್ಪನವರು 1997ರ ಏಪ್ರಿಲ್ 30ರಂದು ತೀರಿಕೊಂಡರು. ಆಮೇಲೆ ಕೂಡಿಸುವವರು ಇನ್ನೂ ಕಡಿಮೆಯಾದರು. ನಾನು ಕಂಡ ಕಾಲಕ್ಕೆ ರಾಜ್ಯ ಸಂಚಾಲಕರೇ ಹಲವರಿದ್ದರು. ಎಲ್ಲರ ಲೆಟರ್‌ಹೆಡ್ ಮೇಲೂ ಅಂಬೇಡ್ಕರ್ ಚಿತ್ರ, ಹೆಚ್ಚುಕಡಿಮೆ ಅದೇ ಹೆಸರು. ಆವರಣದೊಳಗಿನ ಒಂದು ಪದ ಮಾತ್ರ ಬೇರೆ.

ಅಕ್ಕನ ಊರಲ್ಲಿ ಬಸ್ ನಿಲ್ಲುವ ಜಾಗದಲ್ಲಿ ಒಂದು ಚಹಾ ಹೊಟೇಲ್ ಇತ್ತು. ನಮ್ಮವರ ಕಪ್ಪುಗಳನ್ನು ಹೊರಗೋಡೆಯ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಅದನ್ನು ನಾವೇ ತೆಗೆದುಕೊಳ್ಳಬೇಕು. ಚಹಾ ಮೇಲಿಂದ ಸುರಿಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಇಡಬೇಕು. ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ 1955ರಿಂದಲೇ ಇದನ್ನು ಅಪರಾಧ ಎನ್ನುತ್ತದೆ. ಕಾಯ್ದೆ ನನಗೆ ಗೊತ್ತಿತ್ತು. ಆದರೂ ಆ ಊರಿಗೆ ಹೋದಾಗ ನಾನು ಅಲ್ಲಿ ಚಹಾ ಕುಡಿಯುತ್ತಿರಲಿಲ್ಲ, ಅಷ್ಟೇ.

ಅಕ್ಕನ ಮೈದುನ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಕಾರಹುಣ್ಣಿಮೆಗೆ ಊರಿಗೆ ಬಂದ. ಗೋವಾದಲ್ಲಿ ಎಲ್ಲರ ಜೊತೆ ಕೂತು ಕುಡಿದು ರೂಢಿಯಾಗಿತ್ತು. ಹೊಟೇಲ್ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಚಹಾ ಕೇಳಿದ. ಕೊಡಲಿಲ್ಲ. ಅವನು ಏಳಲಿಲ್ಲ. ಐದಾರು ಮಂದಿ ಸೇರಿ ಹೊರಗೆ ಎಳೆದು ಹೊಡೆದರು. ಜಾತಿ ಹಿಡಿದು ಬೈದರು. ಕಿವಿಯಿಂದ ರಕ್ತ ಬಂತು. ಆ ಕಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ.

ನನಗೆ ಸುದ್ದಿ ಬಂದಾಗ ಕತ್ತಲಾಗಿತ್ತು. ನಮ್ಮ ಸಂಘಟನೆಯ ತಾಲೂಕು ಸಂಚಾಲಕರನ್ನು ಕರೆದುಕೊಂಡು ಹೋದೆ. ಅವರು ದೂರು ಬರೆದರು. ಮೈದುನ ಸಹಿ ಮಾಡಿದ. ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಆ ಕಾಯ್ದೆಯ ಪ್ರಕಾರ ತನಿಖೆಯನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯೇ ಮಾಡಬೇಕು. ಅವರು ಬಂದರು, ಪಂಚನಾಮೆ ಮಾಡಿದರು. ಗೂಡಿನ ಕಪ್ಪುಗಳು ಅಷ್ಟರಲ್ಲಿ ಇಲ್ಲವಾಗಿದ್ದವು.

ದೂರು ಕೊಟ್ಟದ್ದಕ್ಕೆ ಊರವರು ನಮ್ಮವರಿಗೆ ಬಹಿಷ್ಕಾರ ಹಾಕಿದರು, ಆದರೆ ಡಂಗುರ ಸಾರಲಿಲ್ಲ. ಸಾರಿದರೆ ಸಾಕ್ಷಿ ಸಿಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಮಾತಾಯಿತು. ಮರುದಿನ ಬೆಳಗ್ಗೆ ಕಳೆ ತೆಗೆಯಲು ಹೋದ ಹೆಂಗಸರನ್ನು ಹೊಲದ ಬದುವಿನಿಂದಲೇ ತಿರುಗಿ ಕಳಿಸಿದರು. ಕಿರಾಣಿ ಅಂಗಡಿಯಲ್ಲಿ ಎಣ್ಣೆ ಇಲ್ಲ ಎಂದರು. ಹಿಟ್ಟಿನ ಗಿರಣಿಯಲ್ಲಿ ಕರೆಂಟ್ ಇಲ್ಲ ಎಂದರು. ಗಿರಣಿ ಓಡುವ ಸಪ್ಪಳ ಕೇಳುತ್ತಿತ್ತು. ಟೆಂಪೋದವರು ನಿಲ್ಲಿಸಲಿಲ್ಲ. ಬೈಗುಳ ಇರಲಿಲ್ಲ, ಹೊಡೆತ ಇರಲಿಲ್ಲ. ಯಾರೂ ಮಾತಾಡಲಿಲ್ಲ.

ನಾನು ಕಾಲೇಜು ಬಿಟ್ಟು ಅಲ್ಲೇ ಉಳಿದೆ. ಜೋಳ ಕಟ್ಟಿಕೊಂಡು ದುಮ್ಮವಾಡಕ್ಕೆ ಬಂದು, ಬೀಸಿಸಿಕೊಂಡು ಹಿಟ್ಟು ಒಯ್ಯುವುದು ನನ್ನ ಕೆಲಸವಾಯಿತು. ಮಳೆ ಬಿಡದೆ ಬರುತ್ತಿತ್ತು. ಒಂದು ಸಲ ಚೀಲ ತೊಯ್ದು ಹಿಟ್ಟು ಮುದ್ದೆಯಾಯಿತು. ಅಕ್ಕ ಅದನ್ನೇ ಬಡಿದು ರೊಟ್ಟಿ ಮಾಡಿದಳು. ದುಮ್ಮವಾಡದ ಗಿರಣಿಯವನು ನಾಲ್ಕನೇ ವಾರದಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ಊರಲ್ಲಿ ನಮ್ಮವರದು ಎರಡು ಕೇರಿ. ಒಂದು ಮಾದರದು, ಅಂದರೆ ಮಾದಿಗರದು; ಒಂದು ಛಲವಾದಿಗಳದು, ಅಂದರೆ ಹೊಲೆಯರದು. ಮೊದಲ ವಾರ ಬಹಿಷ್ಕಾರ ಎರಡಕ್ಕೂ ಇತ್ತು. ಎರಡೂ ಕೇರಿಯ ಹೆಂಗಸರು ಒಂದು ರಾತ್ರಿ ದ್ಯಾಮವ್ವನ ಕಟ್ಟೆಯ ಹಿಂದೆ ಕೂತು ಮಾತಾಡಿದರು. ಇದ್ದ ಕಾಳು ಹಂಚಿಕೊಂಡರು. ಛಲವಾದಿ ಕೇರಿಯ ಒಬ್ಬ ಮುದುಕಿ ಅಕ್ಕನಿಗೆ ಒಂದು ಸೇರು ತೊಗರಿ ಕೊಟ್ಟಳು. ಅದಕ್ಕೆ ಮೊದಲು ಆ ಮನೆಯವರು ಅಕ್ಕನ ಮನೆಯ ನೀರು ಕುಡಿಯುತ್ತಿರಲಿಲ್ಲ. ಇದನ್ನೂ ಹೇಳಬೇಕು. ಹೊಟೇಲಿನವರು ನಮ್ಮಿಬ್ಬರಿಗೂ ಒಂದೇ ಗೂಡು ಇಟ್ಟಿದ್ದರು. ನಾವು ನಮ್ಮೊಳಗೆ ಎರಡು ಇಟ್ಟುಕೊಂಡಿದ್ದೆವು.

ಎರಡನೆಯ ವಾರ ಊರ ಗೌಡರ ಕಡೆಯವರು ಛಲವಾದಿ ಕೇರಿಗೆ ಹೇಳಿ ಕಳಿಸಿದರು. "ನಿಮ್ಮ ಮ್ಯಾಲೆ ನಮಗೇನೂ ಸಿಟ್ಟಿಲ್ಲ. ನಾಳಿಂದ ಕೆಲಸಕ್ಕ ಬರ್ರಿ." ಅವರು ಹೋದರು. ಮನೆಯಲ್ಲಿ ಮಕ್ಕಳಿದ್ದವು, ಹೋಗದೆ ಏನು ಮಾಡಿಯಾರು. ತೊಗರಿ ಕೊಟ್ಟ ಮುದುಕಿಯೂ ಹೋದಳು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮುದುಕಿ ತಲೆ ತಗ್ಗಿಸಿ ಬೇರೆ ದಾರಿ ಹಿಡಿದಳು.

ಅದೇ ಹೊತ್ತಿಗೆ ಎರಡನೆಯ ಸಂಘಟನೆ ಬಂತು. ಜೀಪಿನಲ್ಲಿ ಬಂದರು. ನೀಲಿ ಶಾಲು. ಮೈದುನನ ಕಿವಿ ನೋಡಿದರು, ಫೋಟೋ ತೆಗೆದರು. ದೂರಿನ ಪ್ರತಿ ಓದಿದರು. ಅವರ ಮುಖಂಡರು ನನ್ನನ್ನು ಬದಿಗೆ ಕರೆದು ಕೇಳಿದರು.

"ಇದನ್ನ ಬರದವರು ಯಾರು?"

ನಾನು ಹೆಸರು ಹೇಳಿದೆ.

"ಅವರ ಕಡೆ ಯಾಕ ಹ್ವಾದ್ರಿ? ಅವರು ಛಲವಾದಿಗಳ ಸಂಘಟನೆ. ಈಗ ನೋಡ್ರಿ, ಅವರ ಕೇರಿ ಕೆಲಸಕ್ಕ ಹೊಂಟೈತಿ. ನೀವು ಉಪವಾಸ ಬಿದ್ದೀರಿ."

ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ನಮ್ಮ ಸಂಘಟನೆಯ ಜಿಲ್ಲಾ ಮುಖಂಡರು ಬಹುಪಾಲು ಆ ಸಮುದಾಯದವರು. ಛಲವಾದಿ ಕೇರಿ ಕೆಲಸಕ್ಕೆ ಹೋದದ್ದರ ಬಗ್ಗೆ ಅವರು ಬಾಯಿ ಬಿಟ್ಟಿರಲಿಲ್ಲ. ಆದರೆ ಆ ರಾತ್ರಿ ಮಳೆಯಲ್ಲಿ ನನ್ನ ಜೊತೆ ಸೈಕಲ್ ಹೊಡೆದುಕೊಂಡು ಬಂದು ದೂರು ಬರೆದವರೂ ಆ ಸಮುದಾಯದವರೇ. ಎರಡೂ ನಿಜ.

ಎರಡನೆಯ ಸಂಘಟನೆಯವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಇನ್ನೊಂದು ದೂರು ಬರೆದರು. ಅದರಲ್ಲಿ ಆರೋಪಿಗಳ ಹೆಸರು ಹೆಚ್ಚಾದವು. ಹೊಡೆದ ಹೊತ್ತು ಬೆಳಗ್ಗೆ ಎಂದಿದ್ದದ್ದು ಮಧ್ಯಾಹ್ನವಾಯಿತು. ಮೈದುನನಿಗೆ ಜ್ವರ ಇತ್ತು. ಅದಕ್ಕೂ ಸಹಿ ಮಾಡಿದ. ಅವನು ಓದಿದ್ದು ಮೂರನೇ ಇಯತ್ತೆ.

ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಅವ್ವ ಹೇಳಿ ಕಳಿಸಿದಳು. ಅಕ್ಕ ಬರಲಿಲ್ಲ. "ಈಗ ಬಂದ್ರ ಹೆದರಿ ಓಡಿ ಹ್ವಾದ್ರು ಅಂತಾರ, ತಮ್ಮಾ. ಉಂಡಿ ಕಟ್ಟಿ ಕಳಸಂತ ಅವ್ವಗ ಹೇಳು" ಎಂದಳು. ಅವ್ವ ಕಳಿಸಿದ ಉಂಡಿಗಳನ್ನು ಅಕ್ಕ ಕೇರಿಯ ಮಕ್ಕಳಿಗೆಲ್ಲ ಅರ್ಧರ್ಧ ಮುರಿದು ಕೊಟ್ಟಳು.

ಪಂಚಮಿ ಆದ ಮೇಲೆ ಧಾರವಾಡದಲ್ಲಿ ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ ಇಟ್ಟರು. ಎರಡೂ ಸಂಘಟನೆ ಒಂದೇ ದಿನ. ಒಬ್ಬರು ದಿನ ಗೊತ್ತು ಮಾಡಿದ್ದು ತಿಳಿದು ಇನ್ನೊಬ್ಬರೂ ಅದೇ ದಿನ ಹಿಡಿದರು. ಎರಡು ಪೆಂಡಾಲು. ಎರಡು ಮೈಕು. ಎರಡರ ಮೇಲೂ ಅಂಬೇಡ್ಕರ್ ಫೋಟೋ. ಒಂದು ಕಡೆ ಆರೋಪಿಗಳನ್ನು ಬಂಧಿಸಿ ಎನ್ನುವ ಕೂಗು. ಇನ್ನೊಂದು ಕಡೆ ಮೊದಲು ಪೊಲೀಸರನ್ನು ಅಮಾನತು ಮಾಡಿ ಎನ್ನುವ ಕೂಗು. ಮಧ್ಯಾಹ್ನದ ಹೊತ್ತಿಗೆ ಎರಡೂ ಮೈಕಿನವರು ಒಬ್ಬರ ಹೆಸರು ಇನ್ನೊಬ್ಬರು ಹಿಡಿದು ಮಾತಾಡತೊಡಗಿದರು. ಹೊಟೇಲಿನ ಮಾತು ನಿಂತುಹೋಯಿತು.

ಅಕ್ಕ, ಅವಳ ಗಂಡ ಅಂದರೆ ನನ್ನ ಮಾವ, ಕೇರಿಯ ಹತ್ತು ಹನ್ನೆರಡು ಹೆಂಗಸರು ಟ್ರ್ಯಾಕ್ಸ್‌ನಲ್ಲಿ ಬಂದು ಇಳಿದರು. ಎರಡೂ ಕಡೆಯವರು ಬಂದು ಕರೆದರು. "ಅಕ್ಕಾರ, ಇಲ್ಲಿ ಬರ್ರಿ." "ಅಕ್ಕಾರ, ನಮ್ಮ ಕಡೆ ಬರ್ರಿ." ಅಕ್ಕ ಎಲ್ಲಿಯೂ ಹೋಗಲಿಲ್ಲ. ಕಂಪೌಂಡ್ ಬದಿಯ ಮರದ ಕೆಳಗೆ ಕೂತಳು. ಉಳಿದ ಹೆಂಗಸರೂ ಅವಳ ಸುತ್ತ ಕೂತರು. ನಾನೂ ಅಲ್ಲೇ ಕೂತೆ. ಮಳೆ ಬಂದಾಗ ಪೆಂಡಾಲಿನೊಳಗೆ ಹೋಗಲು ಜಾಗ ಇತ್ತು. ಹೋದರೆ ಒಂದನ್ನು ಆರಿಸಿದಂತಾಗುತ್ತಿತ್ತು. ತೊಯ್ದೆವು.

ಅಧಿಕಾರಿಯೊಬ್ಬರು ಹೊರಗೆ ಬಂದು ಎರಡು ಮನವಿ ಪತ್ರ ತೆಗೆದುಕೊಂಡರು. ಎರಡನ್ನೂ ಓದಿದರು. ಬಾಧಿತರ ಪಟ್ಟಿ ಎರಡರಲ್ಲೂ ಬೇರೆ ಬೇರೆ ಇತ್ತು. "ಮೊದಲ ನಿಮ್ಮೊಳಗ ಒಂದಾಗಿ ಬರ್ರಿ" ಎಂದರು. ಬೈದು ಹೇಳಲಿಲ್ಲ. ಅವರ ಕೆಲಸ ಹಗುರಾದದ್ದು ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ಪ್ರತಿದೂರು ಬಂತು. ಹೊಟೇಲ್ ಮೇಲೆ ಕಲ್ಲು ತೂರಿ ಗಲ್ಲೆಯ ದುಡ್ಡು ದೋಚಿದರು ಎಂದು. ನನ್ನ ಹೆಸರು, ಮಾವನ ಹೆಸರು, ಮೈದುನನ ಹೆಸರು, ಕೇರಿಯ ಇನ್ನಿಬ್ಬರ ಹೆಸರು. ಅದೂ ಕಾರಹುಣ್ಣಿಮೆಯ ದಿನ ಎಂದು. ಆ ದಿನ ಕತ್ತಲಾಗುವವರೆಗೆ ನಾನು ಆ ಊರಲ್ಲೇ ಇರಲಿಲ್ಲ. ನಸುಕಿನಲ್ಲಿ ಬಂದು ಹಿಡಿದರು. ಒಂದು ರಾತ್ರಿ ಠಾಣೆಯಲ್ಲಿ ಇಟ್ಟರು. ಅಂಗಾಲಿಗೆ ಹೊಡೆದರು. ನಾನು ಕೂಗಿದೆ. ಮಾವ ಕೂಗಲಿಲ್ಲ. ಅವನು ಕೂಗದೆ ಇದ್ದದ್ದು ನನಗೆ ಹೆಚ್ಚು ಹೆದರಿಕೆ ತಂದಿತು. ರಾತ್ರಿ ಪಾಳಿಯ ಒಬ್ಬ ಪೇದೆ ಚಹಾ ತಂದು ಕೊಟ್ಟ. ಸ್ಟೀಲ್ ಲೋಟದಲ್ಲಿ. ತಾನು ಕುಡಿದಂಥದೇ ಲೋಟ. ಬೆಳಗ್ಗೆ ಹೊಡೆದವರಲ್ಲಿ ಅವನಿರಲಿಲ್ಲ.

ನ್ಯಾಯಾಧೀಶರ ಮುಂದೆ ನಿಲ್ಲಿಸಿದಾಗ ಹೊಡೆದರೇ ಎಂದು ಕೇಳಿದರು. ಇಲ್ಲ ಎಂದು ಹೇಳಬೇಕೆಂದು ಮೊದಲೇ ಕಲಿಸಿದ್ದರು. ಇಲ್ಲ ಎಂದೆವು. ಜೈಲಿಗೆ ಕಳಿಸಿದರು.

ಜೈಲಿನಲ್ಲಿ ಹಗಲು ಹೋಗುತ್ತದೆ, ರಾತ್ರಿ ಹೋಗುವುದಿಲ್ಲ. ಅನ್ನ ಇತ್ತು. ಹೊರಗೆ ಅಕ್ಕನ ಮನೆಯಲ್ಲಿ ಅದೂ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಅದೇ ಯೋಚನೆ. ಕುಂದಗೋಳ ಕಡೆಯ ಒಬ್ಬ ಹಿರಿಯ ಕೈದಿ ನನಗೆ ತನ್ನ ಎರಡನೆಯ ಚಾದರ ಕೊಟ್ಟ. ಅವನು ಕೊಲೆ ಕೇಸಿನವನು. ಜಾತಿ ಕೇಳಿದ. ಹೇಳಿದೆ. ಚಾದರ ವಾಪಸ್ ಕೇಳಲಿಲ್ಲ.

ಜಾಮೀನಿನ ಅರ್ಜಿ ಮೊದಲ ಸಲ ಬಂದ ದಿನ ಇಬ್ಬರು ವಕೀಲರು ಎದ್ದು ನಿಂತರು. ಮೊದಲ ಸಂಘಟನೆಯವರು ಒಬ್ಬರನ್ನು ಇಟ್ಟಿದ್ದರು. ಎರಡನೆಯವರು ಮಾವನ ವಕಾಲತ್ತಿಗೆ ಜೈಲಿಗೇ ಬಂದು ಸಹಿ ಮಾಡಿಸಿಕೊಂಡು ಹೋಗಿದ್ದರು. ಯಾರು ಯಾರ ಪರ ಎಂದು ಇತ್ಯರ್ಥವಾಗದೆ ಮುಂದಿನ ತಾರೀಖು ಬಿತ್ತು. ಆ ತಾರೀಖಿಗೆ ಒಬ್ಬರು ಬರಲಿಲ್ಲ. ಅವರೇ ಬರುತ್ತಾರೆ ಎಂದುಕೊಂಡು ಇನ್ನೊಬ್ಬರೂ ಬರಲಿಲ್ಲ. ಹೀಗೆ ಗಣೇಶನ ಹಬ್ಬ ಜೈಲಿನಲ್ಲೇ ಕಳೆಯಿತು.

ಕೊನೆಗೆ ಜಾಮೀನು ಸಿಕ್ಕಿತು. ಆದರೆ ಜಾಮೀನುದಾರರು ಬೇಕು, ಅವರಿಗೆ ಹೊಲದ ಉತಾರ ಇರಬೇಕು. ನಮ್ಮ ಬಳಗದಲ್ಲಿ ಯಾರಿಗೂ ಹೊಲ ಇಲ್ಲ. ಸಂಘಟನೆಯ ಮುಖಂಡರಲ್ಲಿ ಕೆಲವರಿಗೆ ಇತ್ತು. ಒಬ್ಬರು ಆ ಕಡೆಯವರನ್ನು ಕೇಳಿ ಎಂದರು, ಆ ಕಡೆಯವರು ಈ ಕಡೆಯವರನ್ನು ಕೇಳಿ ಎಂದರು. ಅಪ್ಪ ದುಮ್ಮವಾಡದಲ್ಲಿ ತಾನು ಕೂಲಿ ಮಾಡುತ್ತಿದ್ದ ರೈತರೊಬ್ಬರ ಮನೆಗೆ ಹೋಗಿ ಬಾಗಿಲಲ್ಲಿ ನಿಂತ. ಅವರು ಲಿಂಗಾಯತರು. ಉತಾರ ತೆಗೆಸಿಕೊಂಡು ಧಾರವಾಡಕ್ಕೆ ತಾವೇ ಬಂದರು. ಬಸ್ಸಿನ ದುಡ್ಡೂ ಅಪ್ಪನ ಕೈಯಿಂದ ಕೊಡಿಸಲಿಲ್ಲ. ಕೋರ್ಟಿನಿಂದ ಹೊರಗೆ ಬಂದು ನನಗೆ ಹೇಳಿದ್ದು ಇಷ್ಟು: "ಮನಿಯಾಗ ಹೇಳಿಲ್ಲ. ನೀನೂ ಎಲ್ಲೂ ಹೇಳಬ್ಯಾಡ." ಅವರು ಈಗ ಇಲ್ಲ. ಇಲ್ಲೂ ಹೆಸರು ಹೇಳುತ್ತಿಲ್ಲ.

ನಾವು ಒಳಗಿದ್ದಾಗ ಅಕ್ಕ ಕಾಡಿನಿಂದ ಕಟ್ಟಿಗೆ ತಂದು ತಾಂಡಾಗಳಲ್ಲಿ ಮಾರಿದ್ದಳು. ನಮ್ಮ ತಾಲೂಕಿನಲ್ಲಿ ಲಂಬಾಣಿ ತಾಂಡಾಗಳು ಬಹಳ. ಅಲ್ಲಿನ ಹೆಂಗಸರು ಕಟ್ಟಿಗೆಗೆ ಬದಲಾಗಿ ಗೋವಿನಜೋಳ ಕೊಟ್ಟಿದ್ದರು. ಅವರಿಗೂ ಕಟ್ಟಿಗೆಗೆ ಕಾಡು ಹತ್ತಿರವೇ ಇತ್ತು. ಬೇಕಿರಲಿಲ್ಲ. ಕೊಂಡರು.

ಸುಗ್ಗಿ ಹತ್ತಿರವಾದಾಗ ಆಳು ಸಾಲದೆ ಬಹಿಷ್ಕಾರ ಸಡಿಲಾಯಿತು. ಶಾಂತಿ ಸಭೆ ಆಯಿತು. ಎಲ್ಲರೂ ಕೈಕುಲುಕಿದರು. ಎರಡೂ ಸಂಘಟನೆಗಳು ತಮ್ಮ ಹೋರಾಟಕ್ಕೆ ಜಯ ಎಂದು ಬೇರೆ ಬೇರೆ ಪತ್ರಿಕಾ ಹೇಳಿಕೆ ಕೊಟ್ಟವು. ಮೈದುನ ಸಭೆಗೆ ಬರಲಿಲ್ಲ. ಗೋವಾಕ್ಕೆ ಹೋದವನು ಸಾಕ್ಷಿ ಹೇಳಲು ಬಂದದ್ದು ಬಿಟ್ಟರೆ ಮತ್ತೆ ಆ ಊರಲ್ಲಿ ಮನೆ ಮಾಡಲಿಲ್ಲ.

ಪ್ರಕರಣ ಬಹಳ ವರ್ಷ ನಡೆಯಿತು. ಆರೋಪಿಗಳ ವಕೀಲರು ಎರಡೂ ದೂರುಗಳನ್ನು ಮೈದುನನ ಮುಂದೆ ಹಿಡಿದರು. ಬೆಳಗ್ಗೆಯೋ ಮಧ್ಯಾಹ್ನವೋ? ಐದು ಮಂದಿಯೋ ಹನ್ನೊಂದು ಮಂದಿಯೋ? ಯಾವ ಸಹಿ ನಿಮ್ಮದು? ಎರಡೂ ನನ್ನವೇ ಎಂದ. ಹೊಟೇಲ್ ಮುಂದಿದ್ದ ಸಾಕ್ಷಿಗಳು ಪ್ರತಿಕೂಲ ನುಡಿದರು. ಅವರಲ್ಲಿ ಛಲವಾದಿ ಕೇರಿಯವರೂ ಇದ್ದರು. ಆರೋಪಿಗಳು ಸಂಶಯದ ಲಾಭ ಪಡೆದು ಬಿಡುಗಡೆಯಾದರು. ತೀರ್ಪಿನಲ್ಲಿ ಎರಡು ದೂರುಗಳ ನಡುವಿನ ವ್ಯತ್ಯಾಸ ಎಂಬ ಮಾತು ಮತ್ತೆ ಮತ್ತೆ ಬಂದಿತ್ತು. ನಮ್ಮ ಮೇಲಿನ ಪ್ರತಿದೂರೂ ಆಮೇಲೆ ಬಿದ್ದುಹೋಯಿತು. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟ ಪ್ರಕರಣದ ಆರೋಪಿಗಳೇ 2006ರಲ್ಲಿ ಕೆಳಗಿನ ಕೋರ್ಟಿನಲ್ಲಿ ಖುಲಾಸೆಯಾಗಿದ್ದರು. ನಮ್ಮದೊಂದು ಚಹಾ ಕಪ್ಪಿನ ಕೇಸು. ಆದರೂ ಮೇಲ್ಮನವಿಗೆ ಪ್ರಯತ್ನಿಸಬಹುದಿತ್ತು. ಸರಕಾರದ ಮೇಲೆ ಒತ್ತಡ ತರಬೇಕಿತ್ತು. ಒಂದು ಸಂಘಟನೆ ಇನ್ನೊಂದು ತರುತ್ತದೆ ಎಂದುಕೊಂಡಿತು. ಅವಧಿ ಮುಗಿಯಿತು.

ನಾನು ಬಿ.ಎ. ಮುಗಿಸಲಿಲ್ಲ. ಸಂಘಟನೆ ಬಿಡಲಿಲ್ಲ. ಬಿಡು ಎಂದವರು ಬಹಳ. ಆದರೆ ಆ ರಾತ್ರಿ ಮಳೆಯಲ್ಲಿ ಸೈಕಲ್ ಮೇಲೆ ಬಂದವರು ಸಂಘಟನೆಯವರೇ ಹೊರತು ಬೇರೆ ಯಾರೂ ಅಲ್ಲ. ಒಡಕನ್ನು ಮುಖಂಡರ ಸ್ವಾರ್ಥ ಎಂದು ಬೈದು ಮುಗಿಸುವವರ ಮಾತೂ ನನಗೆ ಒಪ್ಪಿಗೆಯಾಗುವುದಿಲ್ಲ. ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಒಳಗೇ ಪಾಲು ಮಾಡುವ ಒಳಮೀಸಲಾತಿ ಕೇಳಿದಾಗ ಒಗ್ಗಟ್ಟು ಮುರಿಯುತ್ತೀರಿ ಎಂದು ನಮ್ಮ ಬಾಯಿ ಮುಚ್ಚಿಸಿದವರನ್ನೂ ನೋಡಿದ್ದೇನೆ. ಇದೇ ಪ್ರಶ್ನೆಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2005ರಲ್ಲಿ ನೇಮಕವಾಗಿ 2012ರಲ್ಲಿ ವರದಿ ಕೊಟ್ಟಿತು. ವರ್ಷಗಟ್ಟಲೆ ಅದು ಕಪಾಟಿನಲ್ಲಿತ್ತು. ಕೇಳಿದ್ದು ತಪ್ಪಲ್ಲ. ಆದರೆ ಕೇಳುವ ಜಗಳಕ್ಕೆ ಬೆಲೆ ತೆತ್ತವರು ಕೇಳಿದವರೂ ಅಲ್ಲ, ತಡೆದವರೂ ಅಲ್ಲ. ಅಕ್ಕನ ಓಣಿಯವರು ತೆತ್ತರು.

2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಬಣಗಳೆಲ್ಲ ಕೂಡಿ ಸಮಾವೇಶ ಮಾಡಿದವು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋದೆವು. ಅಕ್ಕನನ್ನೂ ಕರೆದೆ. "ಎಲ್ಲಿ ಕೂಡೂದು?" ಎಂದು ಮೈದಾನದ ಬಾಗಿಲಲ್ಲಿ ಕೇಳಿದಳು. ಎಲ್ಲಿ ಬೇಕಾದರೂ ಎಂದೆ. ನಂಬಲಿಲ್ಲ. ಒಂದು ಸುತ್ತು ನೋಡಿ ಬಂದು ಕೂತಳು. ವೇದಿಕೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳನ್ನು ಕಳೆದವರು ಸಾಲಾಗಿ ಕೂತಿದ್ದರು. ನನಗೆ ಸಂತೋಷವಾಯಿತು. ಸಿಟ್ಟೂ ಬಂತು.

ಆಮೇಲೆ ನಮ್ಮ ಕಡೆಯೂ ಒಂದು ಕೂಡು ಸಮಿತಿ ಮಾಡಿದೆವು. ಕೆಲವು ಕಾಲ ಚೆನ್ನಾಗಿ ನಡೆಯಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣ ಮಾಡಬಹುದು ಎಂದಿತು. 2025ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ವರದಿ ಬಂದು, ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ. 17ರ ಪಾಲನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಮಾದಿಗರು ಒಂದು ಸಭೆ, ಹೊಲೆಯರು ಒಂದು ಸಭೆ, ತಾಂಡಾದವರು ಒಂದು ಸಭೆ. ಅಲೆಮಾರಿಗಳು ತಮಗೆ ಪ್ರತ್ಯೇಕ ಪಾಲು ಬೇಕೆಂದು ಬೀದಿಗಿಳಿದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಅಕ್ಕನಿಗೆ ಗೋವಿನಜೋಳ ಕೊಟ್ಟ ತಾಂಡಾದ ಹುಡುಗನೊಬ್ಬ ನಮ್ಮ ಸಮಿತಿಯಲ್ಲಿದ್ದ. ಬರುವುದು ಬಿಟ್ಟ. ಸಭೆಗಳು ನಿಂತವು.

ಒಂದು ಕೆಲಸ ಮಾತ್ರ ನಿಲ್ಲಿಸಿಲ್ಲ. ಎಲ್ಲಿಂದಲಾದರೂ ಕರೆ ಬಂದರೆ, ಯಾವ ಬಣಕ್ಕೆ ಬಂದರೂ, ದೂರನ್ನು ಒಬ್ಬರೇ ಬರೆಯುತ್ತಾರೆ. ಈಗ ಬರೆಯುವವಳು ಕಲಘಟಗಿಯಲ್ಲಿ ವಕೀಲಿ ಕಲಿಯುತ್ತಿರುವ ಒಬ್ಬ ಹುಡುಗಿ, ಛಲವಾದಿ ಕೇರಿಯವಳು. ಬರೆದದ್ದನ್ನು ದೂರು ಕೊಡುವವರಿಗೆ ಎರಡು ಸಲ ಓದಿ ಹೇಳುತ್ತಾಳೆ. ಹೊತ್ತು ಕೇಳುತ್ತಾಳೆ, ಎಷ್ಟು ಮಂದಿ ಎಂದು ಕೇಳುತ್ತಾಳೆ. ಆಮೇಲೆ ಉಳಿದವರು ಹೋಗಿ ಬೇಕಾದರೆ ಬೇರೆ ಬೇರೆ ಪೆಂಡಾಲು ಹಾಕಲಿ. ಕಳೆದ ಬೇಸಿಗೆಯಲ್ಲಿ ಕ್ಷೌರದಂಗಡಿಯ ಒಂದು ದೂರು ಹೀಗೆ ಬರೆದಳು. ಮೂರು ಸಂಘಟನೆಯವರು ಜೊತೆಗೆ ಹೋಗಿ ಠಾಣೆಯಲ್ಲಿ ಕೊಟ್ಟೆವು. ಇನ್ನೂ ತನಿಖೆ ನಡೆದಿದೆ.